ಶಾಲೆಯ ಈ-ಮೇಲ್ ಸಂಪರ್ಕ ಕಡಿಯದಿರಲಿ
(ನಮ್ಮ ಶಾಲೆಯ ರಕ್ಷಕ-ಶಿಕ್ಷಕ ಸಂಘದ ಮಹಾಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಎರಡು ವರ್ಷಗಳ ಹಿಂದಿನ ಮಳೆಗಾಲದಲ್ಲಿ ನಡೆದ ಒಂದು ಸಂಗತಿಯ ಬಗ್ಗೆ ನಾನು ತಮಗೆ ವಿವರಣೆ ಕೊಡುವುದು ಬಾಕಿಯಿದೆ. ಆಗ ಒಬ್ಬ ತಂದೆ ಶಾಲೆಯ ಜಗಲಿಯಲ್ಲಿ ನಿಂತು, “ಟೀಚರೇ, ಕಾಗದ ಬಂದದ್ದು ಗುರುವಾರ. ನಮಗೆ ಯಾಕೆ ಗೊತ್ತಾಗ್ಲಿಲ್ಲ?” ಎಂದು ಕೇಳಿದ್ದರು. “ಇಂಟರ್‌ನೆಟ್ ಸರಿ ಇರಲಿಲ್ಲ” ಎಂದು ಹೇಳಿ ಜಾರಿಕೊಂಡೆ. ಆ ಉತ್ತರ ಸರಿಯಾಗಿರಲಿಲ್ಲ. ಇಂಟರ್‌ನೆಟ್ ಸರಿಯಾಗಿಯೇ ಇತ್ತು. ತಪ್ಪು ನಾನು ಬರೆದ ಪ್ರೋಗ್ರಾಮಿನದ್ದು, ಅಂದರೆ ನನ್ನದು. ಅದೇನು, ಈಗ ಅದನ್ನು ಹೇಗೆ ಸರಿಪಡಿಸಿದ್ದೇವೆ, ಇನ್ನು ಮುಂದೆ ತಮ್ಮಿಂದ ಏನಾಗಬೇಕು ಎಂಬುದನ್ನು ಇಂದು ಹೇಳಿಬಿಡುತ್ತೇನೆ. ಸ್ವಲ್ಪ ಯಂತ್ರದ ಮಾತು ಬರುತ್ತದೆ, ತಾಳ್ಮೆಯಿರಲಿ.

ಮೊದಲು ನಡೆದದ್ದನ್ನು ನೆನಪಿಸುತ್ತೇನೆ. ಈಗ ಮೇಲಿನ ಕಚೇರಿಗಳಿಂದ ಶಾಲೆಗೆ ಬರುವ ಸುತ್ತೋಲೆಗಳೆಲ್ಲ ಹೆಚ್ಚಾಗಿ ಈ-ಮೇಲಿನಲ್ಲಿಯೇ ಬರುತ್ತವೆ. ಕೆಲವು ಮಲಯಾಳದಲ್ಲಿ, ಕೆಲವು ಇಂಗ್ಲಿಷಿನಲ್ಲಿ. ಅದನ್ನು ಓದಿ, ಕನ್ನಡದಲ್ಲಿ ಸಾರಾಂಶ ಬರೆದು, ತಮಗೆ ಮುಟ್ಟಿಸುವ ಕೆಲಸ ನಮ್ಮ ಮೂವರು ಅಧ್ಯಾಪಕರ ಮೇಲಿತ್ತು. ಪಾಠ ಮಾಡುತ್ತಾ ದಿನಕ್ಕೆ ಹತ್ತು ಸಲ ಮೇಲ್ ತೆರೆದು ನೋಡಲಾಗುತ್ತದೆಯೇ? ಆದುದರಿಂದ ಕಂಪ್ಯೂಟರ್ ಕೋಣೆಯ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಭಾಷೆಯಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದಿಟ್ಟೆ. ನಾನೇನೂ ಇಂಜಿನಿಯರ್ ಅಲ್ಲ, ಬಿ.ಎಡ್. ಮಾಡಿದ ಅಧ್ಯಾಪಿಕೆ. ಆದರೆ ಪೈಥಾನ್ ನಮ್ಮ ಹೈಸ್ಕೂಲಿನ ಐ.ಸಿ.ಟಿ. ಪಠ್ಯದಲ್ಲಿಯೇ ಇರುವ ವಿಷಯ. ಮಕ್ಕಳು ಕಲಿಯುವುದನ್ನು ನಾವೂ ಕಲಿಯಬಹುದು. ಪ್ರೋಗ್ರಾಂ ಮಾಡುತ್ತಿದ್ದದ್ದು ಇಷ್ಟೇ: ಮೇಲ್ ಸರ್ವರಿನೊಡನೆ ಸಂಪರ್ಕ ತೆರೆದಿಟ್ಟುಕೊಂಡು ಕಾಯುವುದು, ಹೊಸ ಪತ್ರ ಬಂದ ಕೂಡಲೇ ಅದರ ಶೀರ್ಷಿಕೆಯನ್ನು ರಕ್ಷಕರ ಟೆಲಿಗ್ರಾಂ ಗುಂಪಿಗೆ ಹಾಕುವುದು. ಆಮೇಲೆ ನಮ್ಮಲ್ಲೊಬ್ಬರು ಕನ್ನಡದ ಸಾರಾಂಶ ಬರೆಯುತ್ತಿದ್ದೆವು. ಎರಡು ತಿಂಗಳು ಚೆನ್ನಾಗಿ ನಡೆಯಿತು. ಯಂತ್ರ ನೋಡಿಕೊಳ್ಳುತ್ತದೆ ಎಂಬ ಧೈರ್ಯದಿಂದ ನಾವು ಮೂವರೂ ಫೋನಿನಲ್ಲಿ ಮೇಲ್ ನೋಡುವುದನ್ನು ಬಿಟ್ಟೆವು.

ಆಗ ಬಂತು ಮಳೆ ರಜೆ. ಬುಧವಾರ ಸಂಜೆ ಜಿಲ್ಲಾಧಿಕಾರಿಗಳು ರಜೆ ಸಾರಿದರು. ಅದು ಮುಂದುವರಿದು ಶನಿವಾರ, ಭಾನುವಾರ ಎಲ್ಲ ಸೇರಿ ಶಾಲೆ ಮತ್ತೆ ತೆರೆದದ್ದು ಸೋಮವಾರ. ಲ್ಯಾಪ್‌ಟಾಪನ್ನು ದಿನಾ ಸಂಜೆ ಆರಿಸುತ್ತಿದ್ದ ನಾನು ಅಂದು ಮೊದಲ ಬಾರಿಗೆ ಆರಿಸದೆ, ಯು.ಪಿ.ಎಸ್.ಗೆ ಸಿಕ್ಕಿಸಿ ಬಂದೆ. ನಾಲ್ಕು ದಿನವೂ ಗುಂಪಿಗೆ ಒಂದೂ ಸಂದೇಶ ಬರಲಿಲ್ಲ. ರಜೆಯಲ್ಲಿ ಯಾರು ಸುತ್ತೋಲೆ ಕಳಿಸುತ್ತಾರೆ ಎಂದುಕೊಂಡೆವು. ಸೋಮವಾರ ಹೋಗಿ ನೋಡಿದರೆ ಪರದೆಯ ಮೇಲೆ “ಕಾಯುತ್ತಿದ್ದೇನೆ” ಎಂಬ ಅಕ್ಷರ ಹಾಗೆಯೇ ಇದೆ. ಮೇಲ್ ಪೆಟ್ಟಿಗೆ ತೆರೆದರೆ ಹನ್ನೊಂದು ಪತ್ರಗಳು. ಅದರಲ್ಲೊಂದು ಏಳನೇ ತರಗತಿಯ ವಿದ್ಯಾರ್ಥಿವೇತನ ಪರೀಕ್ಷೆಗೆ ಕನ್ನಡ ಪ್ರಶ್ನೆಪತ್ರಿಕೆ ಎಷ್ಟು ಬೇಕೆಂದು ಕೇಳಿದ್ದು. ಉತ್ತರ ಕೊಡಬೇಕಾದ ಕೊನೆಯ ಗಳಿಗೆ ಶನಿವಾರ ಸಂಜೆ 5.

ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. 1956ರ ಏಳನೇ ತಿದ್ದುಪಡಿಯಲ್ಲಿ ಸೇರಿದ ವಿಧಿ ಅದು. ನಮ್ಮ ಸಭೆಗಳಲ್ಲಿ ಅದನ್ನು ಎಷ್ಟು ಬಾರಿ ಹೇಳಿದ್ದೇವೋ ಲೆಕ್ಕವಿಲ್ಲ. ಆದರೆ ನಮ್ಮ ಆರು ಮಕ್ಕಳಿಗೆ ಕನ್ನಡದ ಪ್ರಶ್ನೆಪತ್ರಿಕೆ ಅಚ್ಚಾಗಿ ಬರುತ್ತದೆಯೇ ಇಲ್ಲವೇ ಎಂಬುದು ಆ ಶನಿವಾರದ ಒಂದು ಉತ್ತರದಲ್ಲಿತ್ತು. ನಾವು ಸೋಮವಾರ ಕಳಿಸಿದ ಲೆಕ್ಕ ಪಟ್ಟಿಗೆ ಸೇರಲಿಲ್ಲ. ಪರೀಕ್ಷೆಯ ದಿನ ಏನಾಯಿತೆಂದು ತಮಗೆ ಗೊತ್ತೇ ಇದೆ. ಮಲಯಾಳದ ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು ಮಕ್ಕಳು ಕುಳಿತಿದ್ದರು. ಇನ್ನೊಂದು ಕೇಂದ್ರದಲ್ಲಿ ಉಳಿದಿದ್ದ ಕನ್ನಡ ಪ್ರತಿಗಳನ್ನು ಮುಖ್ಯೋಪಾಧ್ಯಾಯರು ರಿಕ್ಷಾದಲ್ಲಿ ತರಿಸುವಷ್ಟರಲ್ಲಿ 50 ನಿಮಿಷ ಕಳೆದಿತ್ತು. ಆ ಸಮಯವನ್ನು ಮತ್ತೆ ಕೊಟ್ಟರು ನಿಜ. ಆದರೆ ಅಳುತ್ತಾ ಕುಳಿತ ಹುಡುಗಿ ಮತ್ತೆ ಬರೆಯಲು ಕುಳಿತಾಗ ಅವಳ ಕೈ ನಡುಗುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾಗಾದರೆ “ಕಾಯುತ್ತಿದ್ದೇನೆ” ಎನ್ನುತ್ತಿದ್ದ ಯಂತ್ರ ಏನು ಮಾಡುತ್ತಿತ್ತು? ಅದು ನಿಜವಾಗಿಯೂ ಕಾಯುತ್ತಿತ್ತು. ಆದರೆ ಆ ಕಡೆ ಯಾರೂ ಇರಲಿಲ್ಲ.

ಮೇಲ್ ಸರ್ವರಿನೊಡನೆ ಸಂಪರ್ಕ ಎಂದರೆ ನಾವು ಒಂದು ತಂತಿಯನ್ನು ಊಹಿಸಿಕೊಳ್ಳುತ್ತೇವೆ. ಕಡಿದರೆ ಗೊತ್ತಾಗಬೇಕಲ್ಲ ಎಂದುಕೊಳ್ಳುತ್ತೇವೆ. ಅಲ್ಲಿ ಅಂಥ ತಂತಿ ಇಲ್ಲ. ಈ ತುದಿಯ ಕಂಪ್ಯೂಟರ್ “ನಾನು ಅವರೊಡನೆ ಮಾತಾಡುತ್ತಿದ್ದೇನೆ” ಎಂದು ನೆನಪಿಟ್ಟುಕೊಂಡಿರುತ್ತದೆ, ಆ ತುದಿಯದ್ದೂ ಹಾಗೆಯೇ. ಸಂಪರ್ಕ ಎಂದರೆ ಈ ಎರಡು ನೆನಪುಗಳು, ಅಷ್ಟೆ. ಒಂದು ಕಡೆಯ ನೆನಪು ಅಳಿಸಿಹೋದರೂ ಇನ್ನೊಂದು ಕಡೆಗೆ ಅದು ತಾನಾಗಿ ತಿಳಿಯುವುದಿಲ್ಲ.

ಅಜ್ಜಿ ಕತೆ ಹೇಳುವಾಗ ಮೊಮ್ಮಗು ಹೂಂಗುಟ್ಟಬೇಕು ಎಂಬ ಕ್ರಮ ನಮ್ಮ ಮನೆಗಳಲ್ಲಿತ್ತು. ಕತ್ತಲೆಯಲ್ಲಿ ಮಗುವಿನ ಮುಖ ಕಾಣುವುದಿಲ್ಲ. ನಡುನಡುವೆ “ಹೂಂ” ಬರುತ್ತಿದ್ದರೆ ಕತೆ ಮುಂದೆ ಹೋಗುತ್ತದೆ. “ಹೂಂ” ನಿಂತರೆ ಮಗು ನಿದ್ದೆ ಹೋಯಿತೆಂದು ಅಜ್ಜಿಗೆ ಗೊತ್ತಾಗುತ್ತದೆ. ಆ “ಹೂಂ” ಎಂಬುದಕ್ಕೆ ಅರ್ಥವಿಲ್ಲ, ಆದರೆ ಅದಿಲ್ಲದಿದ್ದರೆ ಅಜ್ಜಿ ಗೋಡೆಗೆ ಕತೆ ಹೇಳಿದಂತೆ. ನನ್ನ ಪ್ರೋಗ್ರಾಮಿನಲ್ಲಿ ಹೂಂಗುಟ್ಟುವ ಏರ್ಪಾಡು ಇರಲಿಲ್ಲ.

ಈ-ಮೇಲಿನ ನಿಯಮ ಬರೆದವರು ಇದನ್ನು ಮೊದಲೇ ಯೋಚಿಸಿದ್ದಾರೆ. ಪತ್ರಗಳನ್ನು ಸರ್ವರಿನಲ್ಲಿಯೇ ಇಟ್ಟು ಓದುವ ಐಮ್ಯಾಪ್ ಎಂಬ ಪದ್ಧತಿಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಪಿನ್ ಎಂಬವರು 1986ರಲ್ಲಿ ರೂಪಿಸಿದರು. ಅದರಲ್ಲಿ “ನೂಪ್” ಎಂಬ ಒಂದು ಆಜ್ಞೆಯಿದೆ. ಏನೂ ಮಾಡಬೇಡ ಎಂಬುದೇ ಅದರ ಅರ್ಥ. ಏನೂ ಮಾಡದಿರಲು ಒಂದು ಆಜ್ಞೆ ಏಕೆ ಎಂದು ಮೊದಲು ಓದಿದಾಗ ನನಗೆ ನಗು ಬಂದಿತ್ತು. ಅದೇ “ಹೂಂ”. ನಾವು “ನೂಪ್” ಎಂದರೆ ಸರ್ವರ್ “ಸರಿ” ಎನ್ನುತ್ತದೆ. ಇದ್ದಾರೆ ಎಂದು ತಿಳಿಯಿತು. ಹೊಸ ಪತ್ರ ಬಂದಿದ್ದರೆ ಅದೇ ಉಸಿರಿನಲ್ಲಿ ಅದನ್ನೂ ಹೇಳಬಹುದು. 1997ರ ಜೂನ್‌ನಲ್ಲಿ “ಐಡ್ಲ್” ಎಂಬ ಇನ್ನೊಂದು ಆಜ್ಞೆ ಸೇರಿತು. “ನಾನು ಸುಮ್ಮನೆ ಕುಳಿತಿರುತ್ತೇನೆ, ಪತ್ರ ಬಂದರೆ ನೀನೇ ಕೂಗಿ ಹೇಳು” ಎಂದು ಸರ್ವರಿಗೆ ಹೇಳುವ ಮಾತು ಅದು. ನಾನು ಬಳಸಿದ್ದು ಇದನ್ನೇ. ಸೊಗಸಾದ ಏರ್ಪಾಡು, ಆದರೆ ಕೂಗು ನಮ್ಮ ಕಿವಿಗೆ ಬೀಳುವ ಹಾದಿ ತೆರೆದಿದ್ದರೆ ಮಾತ್ರ.

ಆ ಹಾದಿಯನ್ನು ಮುಚ್ಚುವವರು ಇಬ್ಬರು. ಒಬ್ಬರು ಸರ್ವರಿನವರೇ. ಮಾತಿಲ್ಲದೆ ಕುಳಿತವರನ್ನು ಎಷ್ಟು ಹೊತ್ತು ಇಟ್ಟುಕೊಳ್ಳಲಿ ಎಂದು ಅವರು ಒಂದು ಗಡಿಯಾರ ಇಟ್ಟಿರುತ್ತಾರೆ. 2003ರಲ್ಲಿ ಪ್ರಕಟವಾದ ಐಮ್ಯಾಪ್ ನಿಯಮ, ಅಂದರೆ ಆರ್‌ಎಫ್‌ಸಿ 3501, ಈ ಅವಧಿ 30 ನಿಮಿಷಕ್ಕಿಂತ ಕಡಿಮೆ ಇರಬಾರದೆಂದು ಹೇಳುತ್ತದೆ. ಆದುದರಿಂದಲೇ “ಐಡ್ಲ್” ಮಾಡಿ ಕುಳಿತವರು 29 ನಿಮಿಷಕ್ಕೊಮ್ಮೆಯಾದರೂ ಎದ್ದು ಮತ್ತೆ ಕುಳಿತುಕೊಳ್ಳಬೇಕೆಂದು ಸಲಹೆ ಕೊಟ್ಟಿದ್ದಾರೆ. ಇನ್ನೂ ಹಳೆಯ ಪಾಪ್ ಪದ್ಧತಿಯಲ್ಲಿ ಈ ಗಡು ಕನಿಷ್ಠ 10 ನಿಮಿಷ.

ಇನ್ನೊಬ್ಬರು ನಮ್ಮ ಶಾಲೆಯೊಳಗೇ ಇದ್ದಾರೆ: ಗೋಡೆಗೆ ತೂಗುಹಾಕಿರುವ ರೌಟರ್ ಪೆಟ್ಟಿಗೆ. ಶಾಲೆಯಲ್ಲಿ ಹತ್ತು ಕಂಪ್ಯೂಟರುಗಳಿದ್ದರೂ ಹೊರಲೋಕಕ್ಕೆ ನಮ್ಮದು ಒಂದೇ ವಿಳಾಸ. ಹೊರಗಿನಿಂದ ಬಂದದ್ದನ್ನು ಒಳಗೆ ಯಾರಿಗೆ ಕೊಡಬೇಕೆಂದು ರೌಟರ್ ಒಂದು ಪಟ್ಟಿ ಬರೆದಿಟ್ಟುಕೊಳ್ಳುತ್ತದೆ. ಪಟ್ಟಿಯಲ್ಲಿ ಜಾಗ ಕಡಿಮೆ. ಸ್ವಲ್ಪ ಹೊತ್ತು ಮಾತುಕತೆ ನಡೆಯದ ಸಾಲನ್ನು ಅದು ಅಳಿಸಿಬಿಡುತ್ತದೆ. ಅಳಿಸಿದೆನೆಂದು ಯಾರಿಗೂ ಹೇಳುವುದಿಲ್ಲ. ಇಂಥ ಸಾಲನ್ನು 2 ಗಂಟೆ 4 ನಿಮಿಷಕ್ಕಿಂತ ಮೊದಲು ಅಳಿಸಬಾರದೆಂದು 2008ರ ಒಂದು ನಿಯಮ ಇದೆ. ನಿಯಮ ಇದೆ, ಪಾಲಿಸುವ ಪೆಟ್ಟಿಗೆಗಳು ಕಡಿಮೆ. ನಿಯಮಕ್ಕೂ ನಡವಳಿಕೆಗೂ ಇರುವ ಅಂತರವನ್ನು ಗಡಿನಾಡ ಕನ್ನಡಿಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಗಲು ಹೊತ್ತು ಜಾಹೀರಾತಿನ ಪತ್ರಗಳೂ ಸೇರಿ ಐದು ಹತ್ತು ನಿಮಿಷಕ್ಕೊಂದು ಏನಾದರೂ ಬರುತ್ತಿದ್ದುದರಿಂದ ನಮ್ಮ ಸಾಲು ಅಳಿಯದೆ ಉಳಿಯುತ್ತಿತ್ತು. ಸಂಜೆ ಲ್ಯಾಪ್‌ಟಾಪ್ ಆರಿಸಿ ಬೆಳಿಗ್ಗೆ ಹಚ್ಚಿದಾಗ ಹೊಸ ಸಂಪರ್ಕ ಆಗುತ್ತಿತ್ತು. ರಜೆಯ ಮೊದಲ ರಾತ್ರಿ ಪತ್ರವಿಲ್ಲ, ರೌಟರ್ ಸಾಲನ್ನು ಅಳಿಸಿತು. ಗುರುವಾರ ಸರ್ವರ್ ಕೂಗಿದ್ದಿರಬೇಕು. ಕೂಗು ರೌಟರಿನ ಬಾಗಿಲಲ್ಲೇ ಬಿದ್ದುಹೋಯಿತು. ಸರ್ವರ್ ಸ್ವಲ್ಪ ಹೊತ್ತು ನೋಡಿ ಬಾಗಿಲು ಹಾಕಿಕೊಂಡಿತು. ಒಳಗೆ ನಮ್ಮ ಲ್ಯಾಪ್‌ಟಾಪ್ ನಾಲ್ಕು ದಿನ ಕಿವಿಗೊಟ್ಟು ಕುಳಿತಿತ್ತು. ಅಂದರೆ ಪರದೆಯ ಮೇಲೆ ಸುಳ್ಳೇನೂ ಇರಲಿಲ್ಲ ಮಾರಾಯ್ರೆ, ಅದೇ ನನಗೆ ಹೆಚ್ಚು ಬೇಸರವಾದದ್ದು.

ಇದಕ್ಕೆ ಕಂಪ್ಯೂಟರಿನಲ್ಲಿಯೇ ಒಂದು ವ್ಯವಸ್ಥೆ ಇಲ್ಲವೇ ಎಂದು ತಿಳಿದವರು ಕೇಳಬಹುದು. ಇದೆ. ಕೀಪ್-ಅಲೈವ್ ಎನ್ನುತ್ತಾರೆ. ಆದರೆ ಅದನ್ನು ನಾವಾಗಿ ಚಾಲೂ ಮಾಡಬೇಕು. ಮಾಡಿದರೂ ನಮ್ಮ ಶಾಲೆಗಳಲ್ಲಿರುವ ಲಿನಕ್ಸಿನಲ್ಲಿ ಅದು ಮೊದಲ ಬಾರಿ ಬಾಗಿಲು ತಟ್ಟುವುದು 2 ಗಂಟೆ ಕಳೆದ ಮೇಲೆ; ಆಮೇಲೆ 75 ಸೆಕೆಂಡಿಗೊಮ್ಮೆ 9 ಸಲ ತಟ್ಟಿ, ಉತ್ತರವಿಲ್ಲದಿದ್ದರೆ ಕೈಬಿಡುತ್ತದೆ. ಈ ಅಂಕಿಗಳನ್ನು ಬದಲಾಯಿಸಬಹುದು. ಆದರೆ ಕಂಪ್ಯೂಟರಿನ ಮಟ್ಟದಲ್ಲಿ ಜೀವ ಇದ್ದು ಮೇಲ್ ಸರ್ವರಿನ ಪ್ರೋಗ್ರಾಂ ಮಾತ್ರ ಸಿಕ್ಕಿಹಾಕಿಕೊಂಡಿದ್ದರೆ ಅದು ಗೊತ್ತಾಗುವುದಿಲ್ಲ. ಮನೆಯ ದೀಪ ಉರಿಯುತ್ತಿದೆಯೇ ಎಂದು ನೋಡಿದಂತೆ ಅದು. ಮನೆಯವರು ಎಚ್ಚರವಿದ್ದಾರೆಯೇ ಎಂದು ತಿಳಿಯಲು ಕೂಗಿಯೇ ನೋಡಬೇಕು. ಆದುದರಿಂದ “ನೂಪ್” ಹೇಳುವುದೇ ಸರಿ ಎಂದು ನನ್ನ ಅಭಿಪ್ರಾಯ.

ಮೊದಲು ನಾನು 30 ನಿಮಿಷದ ನಿಯಮ ಓದಿ, 25 ನಿಮಿಷಕ್ಕೊಮ್ಮೆ “ಐಡ್ಲ್” ಬಿಟ್ಟು ಎದ್ದು “ನೂಪ್” ಹೇಳುವಂತೆ ಬರೆದೆ. ಮರುದಿನವೇ ಪ್ರೋಗ್ರಾಂ ನಿಂತುಹೋಗಿತ್ತು. ರೌಟರ್ ಅದಕ್ಕೂ ಮೊದಲೇ ಮರೆಯುತ್ತಿತ್ತು. ಸತ್ತ ಸಂಪರ್ಕಕ್ಕೆ ಮಾತು ಕಳಿಸಿದರೆ ಲಿನಕ್ಸ್ ಮತ್ತೆ ಮತ್ತೆ ಕಳಿಸಿ ನೋಡಿ, ಸುಮಾರು 15 ನಿಮಿಷವಾದ ಮೇಲೆ “ಆಗಲಿಲ್ಲ” ಎನ್ನುತ್ತದೆ. ಆ “ಆಗಲಿಲ್ಲ” ಬಂದಾಗ ಏನು ಮಾಡಬೇಕೆಂದು ನಾನು ಬರೆದಿರಲಿಲ್ಲ, ಪ್ರೋಗ್ರಾಂ ಅಲ್ಲಿಗೇ ಮುಗಿಯಿತು.

ಆಗ ಏಳನೇ ತರಗತಿಯ ಮಕ್ಕಳನ್ನು ಕೂರಿಸಿಕೊಂಡು ಪರೀಕ್ಷೆ ಮಾಡಿದೆವು. ಸಂಪರ್ಕ ತೆರೆಯುವುದು, ಇಂತಿಷ್ಟು ನಿಮಿಷ ಸುಮ್ಮನಿರುವುದು, ಆಮೇಲೆ “ನೂಪ್” ಹೇಳಿ 30 ಸೆಕೆಂಡಿನೊಳಗೆ “ಸರಿ” ಬರುತ್ತದೆಯೇ ನೋಡುವುದು. ಮಕ್ಕಳು ನೋಟ್ ಪುಸ್ತಕದಲ್ಲಿ ಗೆರೆ ಹಾಕಿ ಬರೆದರು. 5 ನಿಮಿಷಕ್ಕೆ ಉತ್ತರ ಬಂತು. 10ಕ್ಕೂ ಬಂತು. 15ಕ್ಕೆ ಮೂರು ಸಲ ನೋಡಿದರೂ ಇಲ್ಲ. 12ಕ್ಕೆ ಒಮ್ಮೆ ಬಂತು, ಒಮ್ಮೆ ಇಲ್ಲ. ಹಾಗಾಗಿ 9 ಎಂದು ನಿಶ್ಚಯಿಸಿದೆವು. ಇದು ನಮ್ಮ ರೌಟರಿನ ಅಂಕಿ. ಈ ಮಾತನ್ನು ಅಚ್ಚಿನಲ್ಲಿ ಓದುವ ಜತ್ತ, ತಾಳವಾಡಿ, ಮಡಕಶಿರಾ ಕಡೆಯ ರಕ್ಷಕರು ತಮ್ಮ ಶಾಲೆಯಲ್ಲಿಯೂ ಇದನ್ನು ಮಾಡುವುದಿದ್ದರೆ ನಮ್ಮ 9ನ್ನು ನಂಬಬಾರದು, ಅಳೆದೇ ನೋಡಬೇಕು. ಒಂದು ಮಧ್ಯಾಹ್ನದ ಕೆಲಸ.

ಆಮೇಲೆ ಮೂರು ತಿದ್ದುಪಡಿ ಮಾಡಿದೆ. ಒಂದು, ಉತ್ತರಕ್ಕೆ ಗಡು. ಯಾವ ಮಾತಿಗೂ 30 ಸೆಕೆಂಡಿಗಿಂತ ಹೆಚ್ಚು ಕಾಯಬಾರದು. 2020ರಲ್ಲಿ ಬಂದ ಪೈಥಾನ್ 3.9ರಿಂದ ಸಂಪರ್ಕ ತೆರೆಯುವಾಗಲೇ ಈ ಗಡುವನ್ನು ಹೇಳಬಹುದು. ಹೇಳದಿದ್ದರೆ ಅದು ಎಷ್ಟು ದಿನ ಬೇಕಾದರೂ ಕಾಯುತ್ತದೆ, ಇದು ನಮಗೆ ಅನುಭವದ ಮಾತು. ಎರಡು, ಉತ್ತರ ಬರದಿದ್ದರೆ ಹಳೆಯ ಸಂಪರ್ಕವನ್ನು ಸರಿಪಡಿಸಲು ಹೋಗದೆ ಮುಚ್ಚಿ, ಹೊಸದಾಗಿ ತೆರೆದು, ಗುಪ್ತಪದ ಕೊಟ್ಟು ಒಳಗೆ ಹೋಗುವುದು. ಮುಚ್ಚುವುದನ್ನು ಮರೆಯಬಾರದು. ಜಿಮೇಲಿನಲ್ಲಿ ಒಂದು ಖಾತೆಗೆ ಏಕಕಾಲದಲ್ಲಿ 15 ಐಮ್ಯಾಪ್ ಸಂಪರ್ಕಗಳಿಗೆ ಮಾತ್ರ ಅವಕಾಶ. ಮುಚ್ಚದೆ ಬಿಟ್ಟ ಹಳೆಯವೂ ಲೆಕ್ಕಕ್ಕೆ ಬರುತ್ತವೆ. ಮೂರು, ಹೊಸ ಸಂಪರ್ಕವೂ ಆಗದಿದ್ದರೆ ಹಟ ಹಿಡಿದು ಸೆಕೆಂಡಿಗೊಮ್ಮೆ ಬಾಗಿಲು ಬಡಿಯಬಾರದು. 5 ಸೆಕೆಂಡು ಬಿಟ್ಟು ಒಮ್ಮೆ, 10 ಬಿಟ್ಟು ಒಮ್ಮೆ, 20, 40, ಹೀಗೆ ಇಮ್ಮಡಿಸುತ್ತಾ ಹೋಗಿ 5 ನಿಮಿಷಕ್ಕೆ ನಿಲ್ಲಿಸಿಕೊಳ್ಳಬೇಕು. ಇಲ್ಲದಿದ್ದರೆ ಯಾರೋ ಕಳ್ಳರು ಗುಪ್ತಪದ ಪರೀಕ್ಷಿಸುತ್ತಿದ್ದಾರೆಂದು ಸರ್ವರಿನವರು ನಮ್ಮ ಖಾತೆಯನ್ನೇ ತಡೆಯಬಹುದು. ಕರೆಂಟು ಹೋಗಿ ಬಂದಾಗಲೆಲ್ಲ ಈ ಮೂರನೆಯದು ಕೆಲಸಕ್ಕೆ ಬರುತ್ತದೆ, ನಮ್ಮೂರ ಮಳೆಗಾಲದಲ್ಲಿ ಅಂದರೆ ದಿನಕ್ಕೆ ನಾಲ್ಕು ಸಲ.

ಗುಪ್ತಪದದ ಬಗ್ಗೆ ಒಂದು ಮಾತು. ಗೂಗಲಿನವರು 2022ರ ಮೇ 30ರಿಂದ ಸಾಮಾನ್ಯ ಖಾತೆಗಳಲ್ಲಿ ಇಂಥ ಪ್ರೋಗ್ರಾಮಿಗೆ ನಮ್ಮ ನಿಜವಾದ ಗುಪ್ತಪದ ಕೊಟ್ಟು ಒಳಬರುವುದನ್ನು ನಿಲ್ಲಿಸಿದ್ದಾರೆ. ಎರಡು ಹಂತದ ಪರಿಶೀಲನೆ ಮಾಡಿಕೊಂಡು, ಆ ಪ್ರೋಗ್ರಾಮಿಗಾಗಿಯೇ 16 ಅಕ್ಷರದ ಬೇರೆ ಗುಪ್ತಪದ ಪಡೆಯಬೇಕು. ಲ್ಯಾಪ್‌ಟಾಪ್ ಕಳೆದುಹೋದರೆ ಅದೊಂದನ್ನು ರದ್ದು ಮಾಡಿದರೆ ಸಾಕು, ಆದುದರಿಂದ ಅದು ಒಳ್ಳೆಯದೇ.

ಇಷ್ಟು ಮಾಡಿದರೂ ಒಂದು ಪ್ರಶ್ನೆ ಉಳಿಯಿತು. ಸಂಪರ್ಕ ಕಡಿದು ಮತ್ತೆ ಆಗುವ ನಡುವಿನ ಹೊತ್ತಿನಲ್ಲಿ ಬಂದ ಪತ್ರಗಳ ಗತಿಯೇನು? ನಾವು ಇಲ್ಲದಾಗ ಸರ್ವರ್ ಕೂಗಿದ್ದನ್ನು ಅದು ಮತ್ತೆ ಕೂಗುವುದಿಲ್ಲ. ಇದಕ್ಕೂ ಉಪಾಯವಿದೆ. ಪೆಟ್ಟಿಗೆಯ ಪ್ರತಿ ಪತ್ರಕ್ಕೂ ಸರ್ವರ್ ಒಂದು ಕ್ರಮಸಂಖ್ಯೆ ಕೊಡುತ್ತದೆ, ನಮ್ಮ ಶಾಲೆಯ ದಾಖಲಾತಿ ಪುಸ್ತಕದ ಸಂಖ್ಯೆಯಂತೆ. ಅದು ಏರುತ್ತಲೇ ಹೋಗುತ್ತದೆ, ಒಂದು ಪತ್ರದ ಸಂಖ್ಯೆ ಇನ್ನೊಂದಕ್ಕೆ ಸಿಗುವುದಿಲ್ಲ. ಕೊನೆಯದಾಗಿ ತಮಗೆ ತಿಳಿಸಿದ ಪತ್ರದ ಸಂಖ್ಯೆಯನ್ನು ಒಂದು ಕಡತದಲ್ಲಿ ಬರೆದಿಟ್ಟುಕೊಂಡು, ಮತ್ತೆ ಒಳಹೋದ ಕೂಡಲೇ “ಇದರ ನಂತರದ್ದು ಏನಿದೆ?” ಎಂದು ಕೇಳಿದರೆ ಆಯಿತು. ಅಪರೂಪಕ್ಕೆ ಸರ್ವರಿನವರು ಸಂಖ್ಯೆಗಳನ್ನು ಹೊಸದಾಗಿ ಶುರುಮಾಡುವುದುಂಟು; ಆಗ ಪುಸ್ತಕ ಬದಲಾಗಿದೆ ಎಂದು ತಿಳಿಸುವ ಇನ್ನೊಂದು ಸಂಖ್ಯೆ ಇರುತ್ತದೆ, ಅದನ್ನೂ ಹೋಲಿಸಿ ನೋಡಬೇಕು.

ಇಲ್ಲೇ ನಾನು ಎರಡನೇ ಸಲ ಎಡವಿದ್ದು. ತಮಗೆಲ್ಲ ನೆನಪಿರಬಹುದು, ಒಂದು ರಾತ್ರಿ ಸಮವಸ್ತ್ರದ ಸುತ್ತೋಲೆಯ ಶೀರ್ಷಿಕೆ ಗುಂಪಿಗೆ ಬಂದದ್ದೇ ಬಂದದ್ದು! ಕೊನೆಯ ಪತ್ರದ ಸಂಖ್ಯೆ 1000 ಎಂದಿಟ್ಟುಕೊಳ್ಳಿ. “1001ರಿಂದ ಕೊನೆಯ ತನಕ ಕೊಡು” ಎಂದು ಕೇಳಿದರೆ, ಏನೂ ಇಲ್ಲ ಎಂದು ಉತ್ತರ ಬರಬೇಕಲ್ಲವೇ? ಬರುವುದಿಲ್ಲ. ಐಮ್ಯಾಪ್ ನಿಯಮದಲ್ಲಿ “ಕೊನೆಯದು” ಎಂದರೆ 1000. 1001ರಿಂದ 1000ದ ತನಕ ಎಂದು ಕೇಳಿದಂತಾಯಿತು, ಅದು ತಿರುಗಿಸಿ ಓದಿಕೊಂಡು 1000ವನ್ನೇ ಮತ್ತೆ ಕೊಡುತ್ತದೆ. 9 ನಿಮಿಷಕ್ಕೊಮ್ಮೆ “ಹೂಂ” ಎಂದಾಗಲೆಲ್ಲ ಅದೇ ಪತ್ರ. ರಾತ್ರಿ ಹನ್ನೊಂದೂವರೆಗೆ ಶುರುವಾಗಿ, ಬೆಳಗಿನ ಐದು ಗಂಟೆಗೆ ರಬ್ಬರ್ ಟ್ಯಾಪಿಂಗಿಗೆ ಹೊರಟ ಒಬ್ಬ ರಕ್ಷಕರು ನನಗೆ ಫೋನ್ ಮಾಡಿ ಎಬ್ಬಿಸುವ ಹೊತ್ತಿಗೆ 37 ಸಲ ಬಂದಾಗಿತ್ತು. “ಟೀಚರೇ, ಒಂದು ಅಂಗಿಗೆ ಇಷ್ಟು ಗಲಾಟೆಯಾ?” ಎಂದರು ಅವರು. ಬಂದ ಸಂಖ್ಯೆ ನಮ್ಮಲ್ಲಿರುವುದಕ್ಕಿಂತ ದೊಡ್ಡದೇ ಎಂದು ನೋಡುವ ಒಂದೇ ಸಾಲು ಸೇರಿಸಿದೆ, ಸರಿಯಾಯಿತು.

ನಡುವೆ ಒಂದು ಕುತೂಹಲದ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಈ-ಮೇಲಿನ ಶೀರ್ಷಿಕೆ ಕನ್ನಡದಲ್ಲಿದ್ದರೆ ಅದು ಸಾಮಾನ್ಯವಾಗಿ ದಾರಿಯಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ವೇಷ ಹಾಕಿಕೊಂಡು ಬರುತ್ತದೆ. ಬಿಚ್ಚಿ ಓದುವ ಕೆಲಸ ನಮ್ಮದು. ಬಿಚ್ಚುವ ಮೊದಲು ನೋಡಿದರೆ, ಕನ್ನಡ ಅಕ್ಷರದಿಂದ ಶುರುವಾಗುವ ಶೀರ್ಷಿಕೆ ಈ ವೇಷದಲ್ಲಿ “ನಾಲ್ಕು, ಎಲ್, ಕೆ” ಎಂದೂ, ಮಲಯಾಳದ್ದು “ನಾಲ್ಕು, ಎಲ್, ಎಸ್” ಎಂದೂ ಆರಂಭವಾಗುತ್ತದೆ. ಮಕ್ಕಳು ಇದನ್ನು ಕಂಡುಹಿಡಿದ ದಿನ ಕುಣಿದಾಡಿದರು. ಈಗ ಪ್ರೋಗ್ರಾಂ ಶೀರ್ಷಿಕೆಯ ಭಾಷೆ ನೋಡಿ, ಮಲಯಾಳದ್ದಾದರೆ “ಸಾರಾಂಶ ಬರಬೇಕಿದೆ” ಎಂಬ ಮಾತನ್ನೂ ಸೇರಿಸುತ್ತದೆ. ತಾವು ಅದನ್ನು ನೋಡಿದಾಗ, ನಾವು ಸಾರಾಂಶ ಹಾಕದೆ ಮರೆತಿದ್ದರೆ ಕೇಳಬಹುದು, ಕೇಳಬೇಕು.

ಕೊಲ್ಲಿ ರಾಷ್ಟ್ರದಲ್ಲಿ ಕೆಲಸದಲ್ಲಿದ್ದು ರಜೆಯಲ್ಲಿ ಬಂದಿದ್ದ ಒಬ್ಬ ರಕ್ಷಕರು ಇದನ್ನೆಲ್ಲ ನೋಡಿ, “ಸಂಪರ್ಕ ಹಿಡಿದುಕೊಂಡೇ ಯಾಕೆ ಕೂರಬೇಕು? ಹತ್ತು ನಿಮಿಷಕ್ಕೊಮ್ಮೆ ತೆರೆದು, ನೋಡಿ, ಮುಚ್ಚಿದರೆ ಸಾಲದೇ?” ಎಂದರು. ಸಾಕು. ನಮ್ಮಂಥ ಶಾಲೆಗೆ ಅದು ಧಾರಾಳವಾಗಿ ಸಾಕು. ಸುತ್ತೋಲೆ ಹತ್ತು ನಿಮಿಷ ತಡವಾದರೆ ಲೋಕ ಮುಳುಗುವುದಿಲ್ಲ. ಇಂದು ಮೊದಲಿನಿಂದ ಬರೆಯುವುದಾದರೆ ನಾನೂ ಹಾಗೆಯೇ ಬರೆಯುತ್ತಿದ್ದೆ, ಬೇರೆ ಶಾಲೆಯವರು ಕೇಳಿದರೆ ಅದನ್ನೇ ಹೇಳುತ್ತೇನೆ. ಆದರೆ ಅದರಲ್ಲಿಯೂ ಉತ್ತರಕ್ಕೆ ಗಡು ಬೇಕು, ಕೊನೆಯ ಪತ್ರದ ಸಂಖ್ಯೆ ಬೇಕು, ತೆರೆಯಲಾಗದಿದ್ದಾಗ ಕೂಗಿ ಹೇಳುವ ಏರ್ಪಾಡು ಬೇಕು. ನಮ್ಮದು ಹೇಗೂ ಒಂದೂವರೆ ವರ್ಷದಿಂದ ಒಂದು ಪತ್ರವನ್ನೂ ಬಿಡದೆ ನಡೆಯುತ್ತಿದೆ, ಆದುದರಿಂದ ಸದ್ಯಕ್ಕೆ ಕೈಹಾಕಿಲ್ಲ. 2025ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.14ರಲ್ಲಿ “ಐಡ್ಲ್” ಅದರೊಳಗೇ ಸೇರಿದೆಯಂತೆ ಎಂದು ಮಕ್ಕಳು ಓದಿಕೊಂಡು ಬಂದಿದ್ದಾರೆ. ಅಲ್ಲಿಯ ತನಕ ಬೇರೊಂದು ಲೈಬ್ರರಿ ತಂದು ಜೋಡಿಸಬೇಕಿತ್ತು. ದಸರಾ ರಜೆಯಲ್ಲಿ ನೋಡೋಣ ಎಂದಿದ್ದೇನೆ.

ಈಗ ತಮ್ಮಿಂದ ಆಗಬೇಕಾದ ಕೆಲಸಕ್ಕೆ ಬರುತ್ತೇನೆ. ಪ್ರೋಗ್ರಾಂ ಸರ್ವರಿಗೆ ಹೂಂಗುಟ್ಟುತ್ತದೆ, ಸರಿ. ಆದರೆ ಲ್ಯಾಪ್‌ಟಾಪೇ ಕೆಟ್ಟು ನಿಂತರೆ? ಕಂಪ್ಯೂಟರ್ ಕೋಣೆಗೆ ಸಿಡಿಲು ಬಡಿದರೆ? ಆಗ ಗುಂಪಿನಲ್ಲಿ ಮತ್ತೆ ಮೌನ. ಮತ್ತೆ ನಾವೆಲ್ಲ “ಸುತ್ತೋಲೆ ಇಲ್ಲ” ಎಂದುಕೊಂಡು ಕುಳಿತಿರುತ್ತೇವೆ. ಆದುದರಿಂದ ಕಳೆದ ವರ್ಷದಿಂದ ಪ್ರತಿ ಸಂಜೆ 7 ಗಂಟೆಗೆ, ಭಾನುವಾರವೂ ಸೇರಿ, ಗುಂಪಿಗೆ ಒಂದು ಸಾಲು ಬರುತ್ತದೆ: “ಇಂದು ಇಷ್ಟು ಪತ್ರ ಬಂದಿದೆ, ಕೊನೆಯದಾಗಿ ನೋಡಿದ್ದು ಇಷ್ಟು ಗಂಟೆಗೆ.” ಪತ್ರ ಬರದ ದಿನವೂ ಸೊನ್ನೆ ಎಂದು ಬರುತ್ತದೆ. ಇದು ಕಿರಿಕಿರಿ ಎಂದು ಕೆಲವರು ಗುಂಪನ್ನು ಮ್ಯೂಟ್ ಮಾಡಿದ್ದಾರೆ. ತಪ್ಪು ತಮ್ಮದಲ್ಲ, ಅದು ಏಕೆ ಬರುತ್ತದೆಂದು ನಾವು ಹೇಳಿಯೇ ಇರಲಿಲ್ಲ. ಆ ಸಾಲು ಬಂದರೆ ಓದಬೇಕಾದ್ದೇನೂ ಇಲ್ಲ. ಬರದಿದ್ದರೆ ಮಾತ್ರ, ದಯವಿಟ್ಟು, ಏಳೂವರೆಯೊಳಗೆ ನಮ್ಮ ಮೂವರಲ್ಲಿ ಯಾರಿಗಾದರೂ ಒಂದು ಫೋನ್ ಮಾಡಬೇಕು. ಬೇರೆ ಯಾರಾದರೂ ಮಾಡುತ್ತಾರೆ ಎಂದು ಬಿಡಬಾರದು. ಹಾಗೆ ಬಿಟ್ಟದ್ದರಿಂದಲೇ ಎರಡು ವರ್ಷದ ಹಿಂದೆ ಮೂವರು ಅಧ್ಯಾಪಕರ ಕೈಯಲ್ಲಿ ಮೂರು ಫೋನುಗಳಿದ್ದೂ ಒಬ್ಬರೂ ನೋಡಲಿಲ್ಲ.

ಇದಕ್ಕಾಗಿ ವಾರಕ್ಕೆ ಏಳು ಮನೆಗಳ ಒಂದು ಸರದಿ ಪಟ್ಟಿ ಮಾಡಿದ್ದೇವೆ. ಒಂದು ಮನೆಗೆ ಒಂದು ಸಂಜೆ. ಏಳರ ಸಾಲು ಬಂತೇ ಎಂದು ನೋಡುವುದಷ್ಟೇ ಕೆಲಸ. ಟೆಲಿಗ್ರಾಂ ಇಲ್ಲದ ಮನೆಯವರು ಪಕ್ಕದ ಮನೆಯವರೊಡನೆ ಸೇರಿಕೊಳ್ಳಬಹುದು. ಸೋಮವಾರ ಮತ್ತು ಗುರುವಾರಕ್ಕೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ. ಪಟ್ಟಿ ಹಿಂದಿನ ಬಾಗಿಲ ಬಳಿ ಮೇಜಿನ ಮೇಲಿದೆ, ಪೆನ್ನೂ ಇದೆ. ಈ ವರ್ಷದ ವಿದ್ಯಾರ್ಥಿವೇತನ ಪರೀಕ್ಷೆಗೆ ನಮ್ಮಿಂದ ಒಂಬತ್ತು ಮಕ್ಕಳು ತಯಾರಾಗುತ್ತಿದ್ದಾರೆ. ಕನ್ನಡ ಪ್ರಶ್ನೆಪತ್ರಿಕೆಯ ಲೆಕ್ಕ ಕೇಳುವ ಪತ್ರ ಇನ್ನೂ ಬಂದಿಲ್ಲ, ಇಂದು ಮಧ್ಯಾಹ್ನ ಎರಡು ಗಂಟೆಗೆ ನಾನೇ ಪೆಟ್ಟಿಗೆ ತೆರೆದು ನೋಡಿ ಬಂದಿದ್ದೇನೆ.